ಕಾರು ಓಡುವವರೆಗೆ

ನಮ್ಮ ಬೀದಿಯಲ್ಲಿ ಅವನಿಗೆ ಒರಸಪ್ಪ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಅವನ ಲೈಸೆನ್ಸಿನಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಯಾವಾಗ ನೋಡಿದರೂ ಹೆಗಲ ಮೇಲೊಂದು ಒಣ ಬಟ್ಟೆ, ಕೈಯಲ್ಲೊಂದು ಒದ್ದೆ ಬಟ್ಟೆ. ನಿಂತರೆ ಕಾರು ಒರೆಸುವುದು, ಕೂತರೆ ಬಟ್ಟೆ ಹಿಂಡುವುದು. ಮಾತಾಡುತ್ತ ನಿಂತಾಗ ಪಕ್ಕದಲ್ಲಿ ಯಾರ ಗಾಡಿಯೇ ಇರಲಿ, ಅವನ ಕೈ ತನ್ನಷ್ಟಕ್ಕೆ ತಾನು ಅದರ ಧೂಳು ತೆಗೆಯತೊಡಗುತ್ತಿತ್ತು. ಒಮ್ಮೆ ನನ್ನ ಅಂಗಡಿಯಲ್ಲಿ ಹರಟೆ ಹೊಡೆಯುತ್ತ ಗಿರಾಕಿಯೊಬ್ಬನ ಸೈಕಲ್ಲನ್ನು ಒರೆಸಿ ಎಂಥ ಹೊಳಪು ಬರಿಸಿದ್ದನೆಂದರೆ, ಗಿರಾಕಿ ಬಂದು, "ಇದು ನನ್ನದಲ್ಲ, ನನ್ನ ಸೈಕಲ್ ಎಲ್ಲಿ?" ಎಂದು ಜಗಳಕ್ಕೇ ನಿಂತ.

ನಾನು ಸೈಕಲ್ ರಿಪೇರಿ ಮತ್ತು ಪಂಕ್ಚರ್ ಅಂಗಡಿ ಇಟ್ಟುಕೊಂಡು ತಲೆ ಬೆಳ್ಳಗೆ ಮಾಡಿಕೊಂಡವನು. ಒರಸಪ್ಪ ನನ್ನ ತಂಗಿಯ ಗಂಡ. ಆದ್ದರಿಂದ ಇಲ್ಲಿ ಬರೆದಿರುವುದು ಅವರಿವರ ಬಾಯಿಂದ ಕೇಳಿದ್ದಲ್ಲ.

ರಸ್ತೆಯ ಕೊನೆಯಲ್ಲಿ ಎತ್ತರದ ಕಬ್ಬಿಣದ ಗೇಟಿನ ಮನೆಯೊಂದಿದೆ. ಆ ಮನೆಯ ಯಜಮಾನರು ಹೊಸ ಕಾರು ತಂದ ವಾರವೇ ಅದನ್ನು ಓಡಿಸಲು ಸೇರಿದವನು ಇವನು. ಆಗ ಮೀಸೆ ಕಪ್ಪಗಿತ್ತು, ಮದುವೆ ಹೊಸದು. ಕಾರಿಗೂ ಅವನಿಗೂ ಒಟ್ಟಿಗೇ ವಯಸ್ಸಾಯಿತು. ಆ ಮಾದರಿಯನ್ನು ತಯಾರಿಸುವುದನ್ನೇ ಕಂಪನಿ ನಿಲ್ಲಿಸಿತು. ಊರಿನಲ್ಲಿದ್ದ ಅದರ ಅಣ್ಣತಮ್ಮಂದಿರೆಲ್ಲ ಒಂದೊಂದಾಗಿ ಗುಜರಿ ಸೇರಿದವು. ಇದೊಂದು ಮಾತ್ರ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಕೆಮ್ಮದೆ, ಕ್ಯಾಕರಿಸದೆ ಎದ್ದು ಕೂರುತ್ತಿತ್ತು.

ಯಜಮಾನರು ಹಾಸಿಗೆ ಹಿಡಿದ ಮೇಲೆ ಒಂದು ದಿನ ಅವನನ್ನು ಮಂಚದ ಹತ್ತಿರ ಕರೆದರು. "ನೋಡಪ್ಪ, ನಾನು ಹೋದ ಮೇಲೆ ಅಮ್ಮಾವ್ರು ಒಬ್ಬರೇ ಆಗ್ತಾರೆ. ಈ ಕಾರು ಓಡೋವರೆಗೂ ನೀನು ಈ ಮನೆ ಬಿಡಬಾರದು. ಮಾತು ಕೊಡು" ಎಂದರು.

ಒರಸಪ್ಪ ಹಿಂದೆ ಮುಂದೆ ನೋಡದೆ ಕೊಟ್ಟುಬಿಟ್ಟ. ಅವನ ಎಣಿಕೆ ಇಷ್ಟೇ: ಕಾರು ಆಗಲೇ ಮುದಿಯಾಗಿದೆ, ಹೆಚ್ಚೆಂದರೆ ಇನ್ನೊಂದೆರಡು ವರ್ಷ ತೆವಳೀತು, ಸಾಯುವವರ ಮನಸ್ಸಿಗೂ ನೆಮ್ಮದಿ. ಆದರೆ ಆ ಕಾರನ್ನು ನೋಡಿಕೊಳ್ಳುವವನು ತಾನೇ ಎಂಬುದು ಆ ಹೊತ್ತಿಗೆ ಅವನ ತಲೆಗೆ ಹೊಳೆಯಲಿಲ್ಲ. ಎಂಜಿನ್ ಆಯಿಲ್ ಕಪ್ಪಾಗುವ ಮೊದಲೇ ಬದಲಾಯಿಸುವವನು ಅವನು. ನೆಲದ ಮೇಲೆ ಒಂದು ತೊಟ್ಟು ಬಿದ್ದಿದ್ದರೆ ಕಾರಿನಡಿ ಅಂಗಾತ ಮಲಗಿ, ಎಲ್ಲಿಂದ ಬಿತ್ತು ಎಂದು ಕಾಣುವ ತನಕ ಏಳದವನು ಅವನು. ಒಂದು ವಾರ ಕಣ್ಣು ಮುಚ್ಚಿಕೊಂಡು ಬಿಟ್ಟುಬಿಡು, ಅದರಷ್ಟಕ್ಕೆ ಅದು ಸಾಯಲಿ ಎಂದರೆ ಕೈ ಕೇಳಬೇಕಲ್ಲ! ಜೈಲಿನ ಗೋಡೆ ಬಿರುಕು ಬಿಟ್ಟಲ್ಲೆಲ್ಲ ಕೈದಿಯೇ ಓಡಿ ಹೋಗಿ ಗಾರೆ ಮೆತ್ತಿದ ಹಾಗಾಯಿತು ಅವನ ಬಾಳು. ಯಜಮಾನರು ಹೋಗಿ ಎಷ್ಟೋ ವರ್ಷವಾಯಿತು. ಕಾರು ಓಡುತ್ತಲೇ ಇತ್ತು.

ಅವನ ವಾಸ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ. ತಗಡಿನ ಮಾಡು, ಕೈಯೆತ್ತಿದರೆ ಮುಟ್ಟುತ್ತದೆ. ಒಂದೇ ಕಿಟಕಿ, ಅದನ್ನು ತೆರೆದರೆ ಮೂಗಿಗೆ ತಾಗುವಷ್ಟು ಹತ್ತಿರ ಕಾಂಪೌಂಡಿನ ಗೋಡೆ. ಮಂಚದ ತಲೆದೆಸೆಯಲ್ಲಿ ಒಂದು ಕರೆಗಂಟೆ, ಅದರ ತಂತಿ ಅಮ್ಮಾವ್ರ ಕೋಣೆಗೆ. ಅದು ಯಾವಾಗ ಹೊಡೆದುಕೊಳ್ಳುತ್ತದೆ ಎಂದು ಹೇಳುವಂತಿಲ್ಲ. ಅಮ್ಮಾವ್ರು ಕೆಟ್ಟವರಲ್ಲ. ದನಿ ಎತ್ತಿ ಮಾತಾಡಿದವರಲ್ಲ. ಆದರೆ ಅವರಿಗೆ ಮನೆಯೊಳಗೆ ಉಸಿರು ಕಟ್ಟಿದಂತಾದಾಗ ಗಂಟೆ ಒತ್ತುತ್ತಾರೆ, ಇವನು ಕಾರು ತೆಗೆಯಬೇಕು. ಬ್ಯಾಂಕು, ಕಣ್ಣಿನ ಡಾಕ್ಟರು, ಎರಡೂ ಇಲ್ಲದಿದ್ದರೆ ಕೆರೆಯ ದಂಡೆ. ಅಲ್ಲಿ ಕಾರಿನಲ್ಲೇ ಕೂತು ನೀರು ನೋಡುವುದು. ಅವರು ಹಿಂದೆ, ಇವನು ಮುಂದೆ. ಅವರು ನೀರು ನೋಡುತ್ತಾರೆ, ಇವನು ಎಂಜಿನ್ ಕೇಳುತ್ತಾನೆ. ಇಬ್ಬರ ಬಾಯಿಂದಲೂ ಒಂದು ಮಾತಿಲ್ಲ.

ನನ್ನ ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ಮನೆ ನನ್ನ ಅಂಗಡಿಯ ಮೇಲಿನ ಅಟ್ಟದಲ್ಲಿ. ಗಂಡ ಮನೆಗೆ ಬರುವುದು ವಾರಕ್ಕೊಂದು ದಿನ. ಬಂದರೂ ಮೈ ಮಾತ್ರ ಇಲ್ಲಿ, ಕಿವಿ ಅಲ್ಲೇ. ಕೆಳಗೆ ನಾನು ಯಾವುದಾದರೂ ಸೈಕಲ್ಲಿನ ಗಂಟೆ ಬಾರಿಸಿ ನೋಡಿದರೆ, ಮೇಲೆ ಇವನು ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದ.

"ಕೂತ್ಕೊಳ್ರೀ, ನಿಮ್ಮ ಹಿರೀ ಹೆಂಡ್ತಿ ಕರೀತಿಲ್ಲ" ಎನ್ನುತ್ತಿದ್ದಳು ನನ್ನ ತಂಗಿ. ಹಿರಿಯ ಹೆಂಡತಿ ಎಂದರೆ ಕಾರು.

"ನಿನಗಿಂತ ಅದೇ ವಾಸಿ. ಕೀಲಿ ತೆಗೆದ್ರೆ ಸುಮ್ಮನಾಗುತ್ತೆ" ಎನ್ನುತ್ತಿದ್ದ ಅವನು.

ಮೊದಮೊದಲು ಇದಕ್ಕೆ ಇಬ್ಬರೂ ನಗುತ್ತಿದ್ದರು. ಬರುಬರುತ್ತ ಅವನೊಬ್ಬನೇ ನಗುವಂತಾಯಿತು. ಆಮೇಲೆ ಅದೂ ಇಲ್ಲ.

ಹೀಗಿರುವಾಗ ನನ್ನ ತಂಗಿಗೆ ಬೇರೆ ಊರಿನಿಂದ ಕರೆ ಬಂತು. ಅವಳ ಗೆಳತಿಯೊಬ್ಬಳು ಅಲ್ಲಿ ಬಸ್ ಡಿಪೋದ ಪಕ್ಕ ಕ್ಯಾಂಟೀನು ನಡೆಸುತ್ತಾಳೆ. ಕೈ ಸಾಲದು, ಗಂಡ ಹೆಂಡತಿ ಇಬ್ಬರೂ ಬನ್ನಿ, ಮೇಲೆ ಎರಡು ಕೋಣೆ ಖಾಲಿ ಇವೆ ಎಂದಳು. ಲಾಂಡ್ರಿಯ ಹಬೆ ಕುಡಿದು ತಂಗಿಗೆ ಕೆಮ್ಮು ಹಿಡಿದಿತ್ತು. ಅವಳು ಒಂದೇ ಮಾತಿನಲ್ಲಿ ಒಪ್ಪಿಕೊಂಡಳು. ಸಾಮಾನು ಸಾಗಿಸಲು ಭಾನುವಾರಕ್ಕೆ ಲಾರಿಯೂ ಗೊತ್ತಾಯಿತು. ಗಂಡ ಮನೆಗೆ ಬಂದ ದಿನ ನನ್ನೆದುರಿಗೇ ಹೇಳಿದಳು:

"ನಾನು ಹೋಗ್ತಿದೀನಿ. ನೀವು ಬಂದ್ರೆ ಒಟ್ಟಿಗೆ ಹೋಗೋಣ. ಬರದಿದ್ರೆ ಆ ಕಾರಿನ ಜೊತೆಗೇ ಇರಿ. ನಾನು ಇನ್ನು ವಾರಕ್ಕೊಂದು ದಿನದ ಹೆಂಡ್ತಿಯಾಗಿ ಇರೋಳಲ್ಲ."

"ಮಾತು ಕೊಟ್ಟಿದೀನಲ್ಲೇ."

"ನನಗೂ ಕೊಟ್ಟಿದ್ರಿ. ಆಗ ಊರೆಲ್ಲ ಕೂತು ನೋಡಿತ್ತು."

 ನಾನು ಟ್ಯೂಬು ಉಜ್ಜುವ ನೆವದಲ್ಲಿ ತಲೆ ತಗ್ಗಿಸಿದೆ.

ಬುಸುಗುಟ್ಟುವ ಸದ್ದು ಶುರುವಾದದ್ದು ಅದೇ ವಾರ.

"ಭಾವ, ಸಿಗ್ನಲ್‌ನಲ್ಲಿ ನಿಂತಿದ್ದೆ. ಬುಸ್ಸ್ ಅಂತು. ಪಕ್ಕದವನ ಟೈರೇನೋ ಹೋಯ್ತು ಅಂದ್ಕೊಂಡೆ. ಇಣುಕಿ ನೋಡಿದ್ರೆ ನಮ್ಮದೇ ಬಾನೆಟ್ಟಿನ ಒಳಗಿಂದ" ಎಂದು ಬಂದು ಹೇಳಿದ. ಹಾವು ಮೆಟ್ಟಿದವನ ಮುಖ ಆಗಿತ್ತು.

"ನಿಂತಾಗ ಮಾತ್ರಾನಾ, ಓಡುವಾಗಲೂ ಬರುತ್ತಾ?"

"ನಿಂತಾಗ ಜೋರು. ಎಂಜಿನ್ ಒಂದು ಸಲ ಏರುತ್ತೆ, ಒಂದು ಸಲ ಇಳಿಯುತ್ತೆ. ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಎರಡೂ ಕಾಲು ಇಟ್ಟು ತುಳೀಬೇಕು. ಅಮ್ಮಾವ್ರನ್ನ ಕೂರಿಸ್ಕೊಂಡು ಇದನ್ನ ತೆಗೆಯೋ ಹಾಗಿಲ್ಲ. ಇವತ್ತು ಹೇಳಿಬಿಟ್ಟೆ."

ಅಮ್ಮಾವ್ರು ಅದಕ್ಕೆ, "ಮೇಸ್ತ್ರಿನ ಕರೆಸು. ಇದರ ಆಯಸ್ಸು ಮುಗಿದಿದ್ರೆ ಮುಗೀತು. ಗುಜರಿಗೆ ಕೊಟ್ಟುಬಿಡೋಣ. ನಿನ್ನ ಮಾತೂ ಅಲ್ಲಿಗೆ ತೀರಿತು" ಎಂದಿದ್ದರಂತೆ. ಆ ಮಾತನ್ನು ಅವನು ಎರಡು ಸಲ ಹೇಳಿದ. ಖುಷಿಗೋ ಭಯಕ್ಕೋ, ನನಗೆ ತಿಳಿಯಲಿಲ್ಲ.

ಮೇಸ್ತ್ರಿ ಎಂದರೆ ನಮ್ಮ ಬೀದಿಯ ತಿರುವಿನಲ್ಲಿ ಗ್ಯಾರೇಜು ಇಟ್ಟವನು. ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಆದರೆ ಕೆಲಸದಲ್ಲಿ ಕೈ ಶುದ್ಧ. ಅವನು ಬಂದ. ಬಾನೆಟ್ಟು ಎತ್ತಿಸಿದ, ಎಂಜಿನ್ ಹಾಕಿಸಿದ. ಮೂಲೆ ಮೂಲೆಗೆ ಕಿವಿ ಹಿಡಿದು ಕೇಳಿದ. ಆಮೇಲೆ ಒರಸಪ್ಪನ ಮುಖವನ್ನು ಒಂದು ಗಳಿಗೆ ನೋಡಿ, ಅಮ್ಮಾವ್ರ ಕಡೆ ತಿರುಗಿ ತಲೆಯಾಡಿಸಿದ.

"ಎಂಜಿನ್ ತಲೆಯ ಗ್ಯಾಸ್ಕೆಟ್ ಹರಿದಿದೆ ಅಮ್ಮಾವ್ರೇ. ಒಳಗಿನ ಉಸಿರೆಲ್ಲ ಸೋರಿಹೋಗ್ತಿದೆ. ಇದರ ಸಾಮಾನು ಈಗ ಎಲ್ಲೂ ಸಿಗಲ್ಲ. ಮುಗೀತು."

ಒರಸಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತಿದ್ದ. ಅದರಲ್ಲಿ ಒಂದು ತೊಟ್ಟೂ ನೀರಿರಲಿಲ್ಲ.

ಅಮ್ಮಾವ್ರು ಕಾರಿನ ಹಿಂದಿನ ಬಾಗಿಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ಶನಿವಾರ ಗುಜರಿಯವನಿಗೆ ಬರೋಕೆ ಹೇಳು" ಎಂದು ಒಳಗೆ ಹೋದರು.

ಅವತ್ತು ಸಂಜೆ ಮೇಸ್ತ್ರಿ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ. "ನಿನ್ನ ತಂಗಿಗೆ ಹೇಳು, ಗಂಟುಮೂಟೆ ಕಟ್ಟಲಿ. ಗಂಡನ್ನ ಬಿಡಿಸಿಕೊಟ್ಟಿದೀನಿ" ಎಂದ.

"ಗ್ಯಾಸ್ಕೆಟ್ ಹೋಗಿದೆ ಅಂದ್ಯಂತೆ?"

"ಅದರ ಗ್ಯಾಸ್ಕೆಟ್ ನಮ್ಮಿಬ್ಬರಿಗಿಂತ ಗಟ್ಟಿಯಾಗಿದೆ! ಬ್ರೇಕಿಗೆ ಬಲ ಕೊಡೋ ಡಬ್ಬಿ ಇರುತ್ತಲ್ಲ, ಅದಕ್ಕೆ ಎಂಜಿನ್‌ನಿಂದ ಒಂದು ರಬ್ಬರ್ ಪೈಪ್ ಹೋಗುತ್ತೆ. ಅದು ಎಲ್ಲೋ ಸೀಳಿದೆ. ಅಷ್ಟೇ. ನನಗೆ ಕಿವಿ ಇಟ್ಟ ಕೂಡಲೇ ಗೊತ್ತಾಯ್ತು. ಆದ್ರೆ ಅವನ ಮುಖ ನೋಡಿದೆ ನೋಡು, ನೇಣಿಗೆ ಹೋಗೋನ ಮುಖ. ಬಾಯಿಗೆ ಬಂದಿದ್ದನ್ನ ನುಂಗಿ ಬೇರೇದು ಹೇಳಿದೆ."

ಅಷ್ಟರಲ್ಲಿ ಒರಸಪ್ಪನೇ ಬಂದ. ಬಂದವನು ಮೇಸ್ತ್ರಿಯನ್ನು ಕಂಡು ಬಾಗಿಲಲ್ಲೇ ನಿಂತ.

"ಗ್ಯಾಸ್ಕೆಟ್ ಹೋಗಿದ್ರೆ ರೇಡಿಯೇಟರ್ ನೀರು ಕಡಿಮೆಯಾಗ್ಬೇಕಿತ್ತು. ಆಗಿಲ್ಲ. ಹೊಗೆ ಬೆಳ್ಳಗಾಗ್ಬೇಕಿತ್ತು. ಆಗಿಲ್ಲ. ಎಂಜಿನ್ ಬಿಸಿಯಾಗಿಲ್ಲ" ಎಂದ.

"ಹೂಂ."

"ಅದು ಬ್ರೇಕಿನ ಪೈಪು."

"ಹೂಂ. ನಿನಗೆ ಗೊತ್ತು, ನನಗೆ ಗೊತ್ತು. ಈಗ ನಿನ್ನ ಭಾವನಿಗೂ ಗೊತ್ತಾಯ್ತು. ಅಮ್ಮಾವ್ರಿಗೆ ಗೊತ್ತಾಗೋದು ಬೇಡ."

"ನನ್ನ ಕೈಯಲ್ಲಿದ್ದ ಗಾಡಿ ಗ್ಯಾಸ್ಕೆಟ್ ಹೋಗಿ ಸತ್ತಿತು ಅಂತ ಊರೆಲ್ಲ ಮಾತಾಡುತ್ತೆ."

ಮೇಸ್ತ್ರಿ ತಲೆ ತಲೆ ಚಚ್ಚಿಕೊಂಡ. "ಅಯ್ಯೋ ನಿನ್ನ! ಬೋನಿನ ಬಾಗಿಲು ತೆಗೆದು ಹೊರಗೆ ಹೋಗು ಅಂದ್ರೆ, ಬಾಗಿಲಿಗೆ ತುಕ್ಕು ಹಿಡಿದಿದೆ ಅಂತ ನಿಂತ್ಕೋತೀಯಲ್ಲಪ್ಪ!"

ನಾನೂ ದನಿ ಏರಿಸಿದೆ. ನನಗೆ ತಂಗಿಯ ಚಿಂತೆ. "ಒಂದೇ ಒಂದು ದಿನ ಬಾಯಿಗೆ ಬೀಗ ಹಾಕ್ಕೊಂಡಿರು. ಗುಜರಿಯವನು ಬಂದು ಎಳ್ಕೊಂಡು ಹೋಗಲಿ. ಮರುದಿನ ಲಾರಿ ಹತ್ತು. ಅಷ್ಟು ಮಾಡೋಕೆ ಆಗಲ್ವಾ?"

"ಆಗುತ್ತೆ ಭಾವ" ಎಂದ ಅವನು. ಹೇಳುವಾಗಲೇ ಅವನ ಕೈ ಮೇಸ್ತ್ರಿಯ ಮೋಟಾರ್ ಬೈಕಿನ ಸೀಟು ಒರೆಸುತ್ತಿತ್ತು.

ಮೇಲೆ ನನ್ನ ತಂಗಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಗಂಡ ಬರುತ್ತಾನೆ ಎಂದು ತಿಳಿದ ಮೇಲೆ ಅವಳ ಕೆಲಸದಲ್ಲೇ ಒಂದು ಹುರುಪು ಬಂದಿತ್ತು. ಅವನ ಎರಡು ಅಂಗಿಗಳನ್ನು ಮಡಚಿ ತನ್ನ ಸೀರೆಗಳ ಮೇಲೆ ಇಟ್ಟಳು. ಮಡಚಿದ್ದು ಸರಿಯಾಗಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದಳು.

ಶನಿವಾರ ಬೆಳಿಗ್ಗೆ ಗುಜರಿಯವನು ಎಳೆಯುವ ಗಾಡಿಯೊಂದಿಗೆ ಬಂದ. ತಂಗಿ, "ಅದು ಆ ಗೇಟು ದಾಟೋದನ್ನ ನಾನು ಕಣ್ಣಲ್ಲಿ ನೋಡ್ಬೇಕು ಅಣ್ಣ" ಎಂದು ಹಟ ಹಿಡಿದು ನನ್ನನ್ನೂ ಕರೆದುಕೊಂಡು ಹೋದಳು. ನಾವು ಗೇಟಿನ ಹತ್ತಿರ ನಿಂತೆವು. ಅಮ್ಮಾವ್ರು ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒರಸಪ್ಪ ಕಾರನ್ನು ಕೊನೆಯ ಸಲವೆಂಬಂತೆ ತೊಳೆದು ನಿಲ್ಲಿಸಿದ್ದ. ಗುಜರಿಗೆ ಹೋಗುವ ಗಾಡಿಯ ಗಾಜಿನಲ್ಲಿ ನಮ್ಮ ಮುಖ ಕಾಣುತ್ತಿತ್ತು.

ಗುಜರಿಯವನು ವ್ಯಾಪಾರಸ್ಥ. ಬಾನೆಟ್ಟು ಎತ್ತಿ, ಎಂಜಿನ್ ಹಾಕಿಸಿ, ಬುಸ್ ಎಂಬ ಸದ್ದು ಕೇಳಿ ಮುಖ ಕಿವುಚಿದ. ಬೆಲೆ ಇಳಿಸಲು ಅವರೆಲ್ಲ ಆಡುವ ಮಾತನ್ನೇ ಇವನೂ ಆಡಿದ.

"ಏನೂ ಉಳಿದಿಲ್ಲ ಅಮ್ಮ ಇದರಲ್ಲಿ. ಮೇಲೆ ಮಾತ್ರ ತೊಳೆದು ಇಟ್ಟಿದಾರೆ. ಒಳಗೆ ನೋಡ್ಕೊಳ್ಳೋರು ಸರಿ ಇಲ್ಲ. ಆಯಿಲ್ ಹಾಕದೆ, ನೀರು ಹಾಕದೆ ಎಂಜಿನ್ ತಿಂದು ಹಾಕಿದಾರೆ. ಡ್ರೈವರುಗಳ ಹಣೆಬರಹವೇ ಇಷ್ಟು."

ನನ್ನ ತಂಗಿ ನನ್ನ ತೋಳು ಹಿಡಿದಳು. "ಅಣ್ಣ" ಎಂದಳು ಮೆಲ್ಲಗೆ.

ಒರಸಪ್ಪ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ನೆಲಕ್ಕೆ ಹಾಕಿದ. ಅವನು ಒರೆಸುವ ಬಟ್ಟೆಯನ್ನು ನೆಲಕ್ಕೆ ಹಾಕಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

"ಏನಂದೆ?" ಎಂದ.

"ಇರೋದನ್ನ ಅಂದೆ."

"ಬಾ ಇಲ್ಲಿ. ಬಗ್ಗಿ ನೋಡು. ಕಿವಿ ಇದೆಯಲ್ಲ, ಕೇಳು."

ಅವನು ಒಂದು ಗೇಣುದ್ದದ ಹಳೆಯ ಪೈಪಿನ ತುಂಡು ತೆಗೆದುಕೊಂಡು, ಒಂದು ತುದಿಯನ್ನು ತನ್ನ ಕಿವಿಗೆ ಒತ್ತಿ ಹಿಡಿದ. ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಅಲ್ಲಲ್ಲಿ ಆಡಿಸುತ್ತ ಹೋದ. ಗ್ಯಾಸ್ಕೆಟ್ಟಿನ ಗೆರೆಯುದ್ದಕ್ಕೂ ಆಡಿಸಿದ. "ಇಲ್ಲಿ ಏನಾದರೂ ಇದೆಯಾ?" ಎಂದು ತನ್ನ ಕಿವಿಯಲ್ಲಿದ್ದ ತುದಿಯನ್ನು ಗುಜರಿಯವನ ಕಿವಿಗೂ ಹಿಡಿದ. ಅಲ್ಲಿ ಏನೂ ಇರಲಿಲ್ಲ. ಪೈಪು ಹಿಂದಕ್ಕೆ ಸರಿದು, ಬ್ರೇಕಿನ ಡಬ್ಬಿಯ ಕಡೆ ಬಾಗಿದ ದಪ್ಪ ರಬ್ಬರ್ ಕೊಳವೆಯ ಹತ್ತಿರ ಬಂದಾಗ ಅವನ ತಲೆ ಅಲ್ಲಾಡಿತು. ಕಾಣುವ ಬದಿಯಲ್ಲಿ ಕೊಳವೆ ಚೆನ್ನಾಗಿಯೇ ಇತ್ತು. ಅವನು ಅದರ ಅಡಿಗೆ ಬೆರಳು ತೂರಿಸಿದ. ಎಂಜಿನ್ನಿಗೆ ಸೇರುವ ತುದಿಯಲ್ಲಿ, ಕ್ಲಿಪ್ಪಿನ ಮಗ್ಗುಲಿಗೇ, ಅಡಿಯಲ್ಲಿ ಸೀಳಿತ್ತು. ಅವನ ಹೆಬ್ಬೆರಳು ಅಲ್ಲಿ ಮುಟ್ಟಿದ್ದೇ ತಡ, ಬುಸುಗುಟ್ಟುವುದು ಥಟ್ಟನೆ ನಿಂತಿತು. ಏರಿಳಿಯುತ್ತಿದ್ದ ಎಂಜಿನ್ ಒಂದೇ ಸಮನಾಯಿತು. ಬೆರಳು ತೆಗೆದ, ಬುಸ್ಸೆಂದಿತು. ಇಟ್ಟ, ಮೌನ.

ನಾನು ಸೈಕಲ್ ಟ್ಯೂಬಿನ ಮನುಷ್ಯ. ನಮ್ಮಲ್ಲಿ ಗಾಳಿ ಒಳಗಿಂದ ಹೊರಗೆ ಹೋಗಿ ಬುಸ್ಸೆನ್ನುತ್ತದೆ, ನೀರಿಗೆ ಅದ್ದಿದರೆ ಗುಳ್ಳೆ ಬರುತ್ತದೆ. ಇದು ತಿರುಗುಮುರುಗು. ಎಂಜಿನ್ ಆ ಸೀಳಿನಿಂದ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅವನ ಹೆಬ್ಬೆರಳಿನ ಚರ್ಮವನ್ನೂ ಎಳೆದು ಕಚ್ಚಿಕೊಂಡಿತ್ತು.

ಅವನು ಎಂಜಿನ್ ಆರಿಸಿ, ಕ್ಲಿಪ್ಪು ಸಡಿಲಿಸಿ ಕೊಳವೆಯನ್ನು ಕಿತ್ತ. ಸೀಳಿದ ತುದಿಯನ್ನು ಚಾಕುವಿನಿಂದ ಎರಡು ಬೆರಳಗಲ ನೇರ ಕತ್ತರಿಸಿ ಎಸೆದ. ಕೊಳವೆ ಬಾಗಿ ಬರುವಂತಿದ್ದುದರಿಂದ ಉದ್ದಕ್ಕೆ ತೊಂದರೆಯಾಗಲಿಲ್ಲ. ಹೊಸ ತುದಿಯನ್ನು ಒತ್ತಿ ಕೂರಿಸಿ, ಕ್ಲಿಪ್ಪು ಬಿಗಿದು, ಕೀಲಿ ತಿರುಗಿಸಿದ. ಎಂಜಿನ್ ನಿದ್ದೆಯಲ್ಲಿ ಉಸಿರಾಡುವ ಮಗುವಿನ ಹಾಗೆ ಸದ್ದು ಮಾಡಿತು. ಬ್ರೇಕ್ ಒತ್ತಿದ, ಪೆಡಲ್ ಮೆತ್ತಗೆ ಕೆಳಗಿಳಿಯಿತು.

"ಈಗ ಹೇಳು, ಯಾರು ಎಂಜಿನ್ ತಿಂದಿರೋದು?" ಎಂದು ಗುಜರಿಯವನ ಕಡೆ ತಿರುಗಿದ. ಮುಖದ ತುಂಬ ಗೆದ್ದವನ ಬೆಳಕು.

ಆಮೇಲೆ ಗೇಟಿನ ಹತ್ತಿರ ಹೆಂಡತಿ ಕಂಡಳು. ಆ ಬೆಳಕು ಹೇಗೆ ಹೋಯಿತೆಂದು ನಾನು ಬರೆಯಲಾರೆ.

ಗುಜರಿಯವನು ಗೊಣಗುತ್ತ ತನ್ನ ಗಾಡಿ ಹತ್ತಿದ. ಅಮ್ಮಾವ್ರು ಕುರ್ಚಿಯಿಂದ ಎದ್ದರು.

"ನಿನಗೆ ಇದು ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮಾವ್ರೇ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವನು ತಲೆ ತಗ್ಗಿಸಿ ನಿಂತ.  "ಹೋಗ್ಬೇಕಾಗಿತ್ತು. ಇವಳು ನಾಳೆ ಹೋಗ್ತಾಳೆ. ಕಾರು ನಿಂತ್ರೆ ನಾನೂ ಹೋಗಬಹುದು ಅಂತ..." ಎಂದ.

"ಹೋಗ್ಬೇಕು ಅಂತ ನನ್ನ ಹತ್ರ ಯಾವತ್ತಾದ್ರೂ ಕೇಳಿದ್ಯಾ?"

"ಯಜಮಾನರಿಗೆ ಮಾತು ಕೊಟ್ಟಿದ್ದೆ."

"ಅವರಿಗೆ ಕೊಟ್ಟೆ. ಅವರು ಹೋದರು. ಇಷ್ಟು ವರ್ಷ ನಿನ್ನ ಬೆನ್ನ ಹಿಂದೆ ಕೂತಿದ್ದೋಳು ನಾನು." ಅಮ್ಮಾವ್ರ ದನಿ ಅವತ್ತೂ ಏರಲಿಲ್ಲ. ಏರಿದ್ದರೆ ವಾಸಿಯಿತ್ತು. "ಹೋಗು. ನಾನು ಹಿಡ್ಕೊಂಡಿಲ್ಲ. ಆದ್ರೆ ಕೆರೆ ಹತ್ರ ಹೋಗೋಕೆ ನನಗೆ ಒಬ್ಬ ಬೇಕು. ನಿನ್ನ ಜಾಗಕ್ಕೆ ಒಬ್ಬನ್ನ ನೋಡಿಕೊಟ್ಟು ಹೋಗು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ತಂಗಿ ಅಲ್ಲೇ ಹತ್ತಿರ ಹೋಗಿ ಗಂಡನ ಹೆಬ್ಬೆರಳು ಹಿಡಿದು ನೋಡಿದಳು. ಕೆಂಪಗಾಗಿತ್ತು. "ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗಲಿಲ್ಲ ಅಲ್ವಾ?" ಎಂದಳು. ಬೈಗುಳದ ದನಿ ಅಲ್ಲ, ದಣಿದ ದನಿ.

"ಅವನು ಹಾಗಂದ್ನಲ್ಲ..."

"ಅನ್ಲಿ ಬಿಡಿ ಅಂತ ನಿಮ್ಮ ಬಾಯಲ್ಲಿ ಯಾವತ್ತೂ ಬರಲ್ಲ."

ಭಾನುವಾರ ಲಾರಿ ಬಂತು. ಪೆಟ್ಟಿಗೆಗಳನ್ನು ಅವನೇ ಹೊತ್ತು ಹಾಕಿದ. "ಒಬ್ಬ ಡ್ರೈವರ್ ಸಿಕ್ಕ ಕೂಡಲೇ ಬರ್ತೀನಿ" ಎಂದ. ತಂಗಿ ಲಾರಿಯ ಮುಂದಿನ ಸೀಟಿನಲ್ಲಿ ಕೂತಳು. ಪೆಟ್ಟಿಗೆಯಲ್ಲಿದ್ದ ಅವನ ಎರಡು ಅಂಗಿಗಳನ್ನು ತೆಗೆದು ಕೊಡಲಿಲ್ಲ, ಅಷ್ಟೇ. 

ಡ್ರೈವರ್ ಸಿಗುವುದೇನು ಕಷ್ಟ ಎಂದು ನೀವು ಕೇಳಬಹುದು. ದಿನಕ್ಕೊಬ್ಬ ಬರುತ್ತಿದ್ದ. ಮೊದಲನೆಯವನು ಬಾಗಿಲು ಧಡಾರೆಂದು ಹಾಕಿದ. ಒರಸಪ್ಪ ಅವನನ್ನು ಕಳಿಸಿದ. ಇನ್ನೊಬ್ಬ ಕ್ಲಚ್ಚಿನ ಮೇಲಿಂದ ಕಾಲನ್ನೇ ತೆಗೆಯಲಿಲ್ಲ. ಕಳಿಸಿದ. ಬಂದವನೊಬ್ಬ ನಿಜಕ್ಕೂ ಒಳ್ಳೆಯ ಡ್ರೈವರು, ನಾನೇ ಗೊತ್ತು ಮಾಡಿದವನು. ಅವನು ಬಾನೆಟ್ಟು ತೆಗೆದು ಆಯಿಲ್ ನೋಡದೆ ಕೀಲಿ ತಿರುಗಿಸಿದ ಎಂದು ಅವನನ್ನೂ ಕಳಿಸಿದ.

"ನಿನ್ನ ತಲೆಯಲ್ಲಿ ಏನಿದೆ ಹೇಳು. ಹುಡುಕ್ತಿರೋದು ಡ್ರೈವರನ್ನೋ, ಅಳಿಯನ್ನೋ?" ಎಂದು ನಾನು ರೇಗಿದೆ.

"ಇವರ ಕೈಗೆ ಕೊಟ್ರೆ ವರ್ಷದಲ್ಲಿ ಮುಗಿಸ್ತಾರೆ ಭಾವ."

"ಮುಗಿಸ್ಲಿ! ಅದು ಮುಗೀಲಿ ಅಂತ ತಾನೇ ಇಷ್ಟು ವರ್ಷ ಕಾದಿದ್ದು?"

 ರಾತ್ರಿ ಅಟ್ಟದಲ್ಲಿ ಮಲಗಲು ಜಾಗ ಇದ್ದರೂ ಅವನು ಆ ತಗಡಿನ ಕೋಣೆಗೇ ಹೋಗುತ್ತಿದ್ದ. ಅಟ್ಟ ಖಾಲಿಯಾಗಿ, ಅಲ್ಲಿ ಕೆಮ್ಮಿದರೆ ಪ್ರತಿಧ್ವನಿ ಬರುತ್ತದೆ ಎನ್ನುತ್ತಿದ್ದ. ತಂಗಿ ಆಗೀಗ ನನ್ನ ಅಂಗಡಿಗೆ ಫೋನು ಮಾಡುತ್ತಿದ್ದಳು. ಮೊದಲು, "ಯಾವಾಗ ಬರ್ತಾರಂತೆ?" ಎಂದು ಕೇಳುತ್ತಿದ್ದಳು. ಆಮೇಲೆ, "ಚೆನ್ನಾಗಿದಾರಾ?" ಎಂದಷ್ಟೇ ಕೇಳತೊಡಗಿದಳು. ಈ ಎರಡನೆಯ ಪ್ರಶ್ನೆ ನನಗೆ ಹೆದರಿಕೆ ಹುಟ್ಟಿಸಿತು. ಅದನ್ನು ಅವನಿಗೆ ಹಾಗೆಯೇ ಹೇಳಿದೆ.

"ಕೇಳೋದನ್ನೂ ಬಿಟ್ಟುಬಿಡ್ತಾಳೆ ನೋಡು, ಇನ್ನೊಂದು ಸ್ವಲ್ಪ ದಿನ" ಎಂದೆ.

ಅವನು ಎದ್ದು ಹೋದ. ಮರುದಿನ ಬೆಳಿಗ್ಗೆ ನಾನೂ ಆ ಮನೆಗೆ ಹೋಗಿದ್ದೆ. ಅವತ್ತು ಬಂದವನು ಮೊದಲು ಹಾಲಿನ ವ್ಯಾನು ಓಡಿಸುತ್ತಿದ್ದವನು. ಒರಟು ಕೈ, ಭಾರದ ಕಾಲು, ಮುಚ್ಚದ ಬಾಯಿ. ಗೇರು ಹಾಕಿದರೆ ಕಬ್ಬಿಣದ ಅಂಗಡಿಯಲ್ಲಿ ತಟ್ಟೆ ಬಿದ್ದ ಹಾಗೆ ಸದ್ದು. ನಾನು ಹೆಣದ ಮುಂದೆ ನಿಂತವನ ಹಾಗೆ ಒರಸಪ್ಪನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿದ.  ಕೀಲಿಯನ್ನು ಬಂದವನ ಅಂಗೈಗೆ ಹಾಕಿದ.

"ಆಯಿಲ್ ಮಾತ್ರ..." ಎಂದು ಶುರುಮಾಡಿ, "ಇರಲಿ, ಹೋಗು" ಎಂದ.

ಅಮ್ಮಾವ್ರು ಬಂದು ಹಿಂದೆ ಕೂತರು. ಹಾಲಿನ ವ್ಯಾನಿನವನು ಕೂತ ಕೂಡಲೇ ತಿರುಗಿ, "ಅಮ್ಮ, ಗಟ್ಟಿಯಾಗಿ ಹಿಡ್ಕೊಳ್ಳಿ. ನಾನು ಇಷ್ಟು ದಿನ ಹಾಲು ಹೊತ್ತೋನು. ಅದಕ್ಕೆ ಭಯ ಇರ್ಲಿಲ್ಲ, ಚೆಲ್ಲಿದ್ರೆ ಬೈಯೋದು ಗಿರಾಕಿ ಮಾತ್ರ" ಎಂದ. ಕಾರು ಜಿಗಿದು ಗೇಟು ದಾಟಿತು. ಗೇರು ಕಿರುಗುಟ್ಟಿತು. ಆ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸಿತು. ಅಮ್ಮಾವ್ರು ನಗುತ್ತಿದ್ದರು, ತಡೆಯಲಾರದೆ, ಜೋರಾಗಿ. ರಸ್ತೆ ತಿರುಗುವವರೆಗೂ ಅದು ಕೇಳುತ್ತಿತ್ತು.

ಒರಸಪ್ಪ ಕೋಣೆಗೆ ಹೋಗಿ ತನ್ನ ಚೀಲ ತಂದ. ಚೀಲ ದೊಡ್ಡದೇನಲ್ಲ. ನಾವು ಬಸ್ ನಿಲ್ದಾಣದವರೆಗೆ ನಡೆದೆವು.  ಬಸ್ಸು ಹತ್ತುವ ಮುನ್ನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದ.

"ಭಾವ, ಅವರು ನಗ್ತಾರೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ."

ಕಂಡಕ್ಟರು ಒಳಗೆ ಹೋಗುವಂತೆ ಅವನನ್ನು ಅವಸರಪಡಿಸಿದ. ಅವನು ಒಳಗೆ ಹೋದ.